ಮೇಲಿನ ನೀರು

ಮೂರು ಸುತ್ತು ಸಾಕೇ, ನಾಲ್ಕು ಬೇಕೇ? ಆರ್ಲೋ ಬೆಕ್‌ಸ್ಟೆಡ್‌ಗೆ ಇನ್ನೂ ಬಗೆಹರಿದಿರಲಿಲ್ಲ. ಬುದ್ಧಿ ನೆಟ್ಟಗಿರುವವನ ದಿಕ್ಕು ತಪ್ಪಿಸಲು ನಾಲ್ಕಾದರೂ ಬೇಕು. ಆದರೆ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು, ಯಾವ ಹಾಡಿನದೂ ಅಲ್ಲದ ಸಿಳ್ಳೆ ಹಾಕುತ್ತ ಕೂತಿರುವ ಈ ಟ್ರೆವರ್ ನೊವಾಕ್ ಎಂಬ ಪ್ರಾಣಿಗೆ ಎರಡೇ ಹೆಚ್ಚು. ಕಳೆದ ತಿಂಗಳು ತನ್ನ ಮನೆಯ ಹಿತ್ತಿಲಲ್ಲಿ ನಿಂತು ಉತ್ತರ ಯಾವ ಕಡೆ ಎಂದು ಫೋನಿನಲ್ಲಿ ನೋಡಿದ್ದವನು. ಅಂಥವನಿಗೆ ಮೂರು ಸುತ್ತು ಹಾಕಿಸುವುದೆಂದರೆ ಡೀಸೆಲ್ ದಂಡ. ಆದರೂ ಮೂರೇ ಇರಲಿ ಎಂದುಕೊಂಡ. ಹೋಗುತ್ತಿರುವುದು ಮೇಲಿನ ನೀರಿಗೆ, ಗುಡ್ಡದ ಮೇಲಿನ ಗುಟ್ಟಿನ ಬುಗ್ಗೆಗೆ. ಅಲ್ಲಿಗೆ ಹೋಗುವಾಗ ಕಂಜೂಸುತನ ಸಲ್ಲದು.

"ಮೈಲಿ ಮೀಟರ್ ಸೊನ್ನೆ ಮಾಡು," ಎಂದ.

"ಮಾಡಿದೆ, ಬೆಕ್‌ಸ್ಟೆಡ್ ಅವರೇ."

"ನಾಲ್ಕೂವರೆ ಮೈಲಿ ಆದಾಗ ಹೇಳು. ಅಲ್ಲೀವರೆಗೂ ಬಾಯಿ ಮುಚ್ಕೊಂಡಿದ್ರೆ ಇನ್ನೂ ಒಳ್ಳೇದು."

ಟ್ರೆವರ್ ನಕ್ಕ. ಅವನಿಗೆ ಬೈದರೂ ನಗು, ಹೊಗಳಿದರೂ ನಗು. ಆ ನಗುವೇ ಆರ್ಲೋಗೆ ಮೊದಲ ದಿನದಿಂದ ಆಗಿಬರಲಿಲ್ಲ. ನಗುವವನ ಮುಖ ನೋಡಿ ಅವನ ಮನಸ್ಸಿನಲ್ಲೇನಿದೆ ಎಂದು ಅಳೆಯುವ ಕಾಲವೂ ಈಗ ಮುಗಿದಿತ್ತು. ಬರೀ ದನಿ ಕೇಳಿಸಿಕೊಂಡು ಅಳೆಯಬೇಕು. ದನಿಯಲ್ಲಿ ಅಂಥ ಆಳವೇನೂ ಇರಲಿಲ್ಲ.

ಟ್ರಕ್ಕೋ, ಕೇಳುವುದೇ ಬೇಡ. ನೆತ್ತಿಯ ಮೇಲೆ ಮಡಚುವ ಟೆಂಟು, ಪಕ್ಕಕ್ಕೆ ಬಿಚ್ಚುವ ಚಪ್ಪರ, ಹಿಂದೆ ಎಳೆದರೆ ಹೊರಬರುವ ಅಡುಗೆಮನೆ, ಅದರೊಳಗೊಂದು ಫ್ರಿಜ್ಜು, ಹೊಳೆ ದಾಟುವಾಗ ಎಂಜಿನ್ನಿಗೆ ಉಸಿರಾಡಲು ಮೇಲಕ್ಕೆ ಎತ್ತಿದ ಕೊಳವೆ. ಆ ಜಿಲ್ಲೆಯಲ್ಲಿ ಹೊಳೆ ಎಂಬುದು ನಕಾಶೆಯ ಮೇಲಷ್ಟೇ ಇತ್ತು. ಕೆಸರಲ್ಲಿ ಸಿಕ್ಕಿಬಿದ್ದರೆ ಚಕ್ರದ ಕೆಳಗಿಡುವ ಕಿತ್ತಳೆ ಬಣ್ಣದ ಹಲಗೆಗಳನ್ನು ಪಕ್ಕಕ್ಕೆ ಬಿಗಿದಿದ್ದ. ಒಂದು ಗೀರೂ ಇರಲಿಲ್ಲವಂತೆ ಅವುಗಳ ಮೇಲೆ; ಹಳೇ ಗೆಳೆಯ ಡೆಲ್ಮರ್ ಕೈಯಾಡಿಸಿ ನೋಡಿ ಬಂದು ಹೇಳಿದ್ದ. "ಮದುವೆ ಹೆಣ್ಣಿನ ಉಗುರು ಇದ್ದಂಗಿವೆ ಕಣಯ್ಯ."

ಇವತ್ತು ಡಾಂಬರು ಮುಗಿದು ಜಲ್ಲಿ ಶುರುವಾಗುವಲ್ಲಿ ಟ್ರೆವರ್ ಗಾಡಿ ನಿಲ್ಲಿಸಿ, ಹಿತ್ತಾಳೆಯ ಸಣ್ಣದೊಂದು ಸಾಧನ ಹಿಡಿದು ನಾಲ್ಕೂ ಚಕ್ರಗಳ ಗಾಳಿ ಇಳಿಸಿದ್ದ. ಹದಿನೈದು ನಿಮಿಷ. ಪ್ರತಿ ಚಕ್ರಕ್ಕೂ ಎಷ್ಟಾಯಿತೆಂದು ಗಟ್ಟಿಯಾಗಿ ಓದಿದ್ದ. ಈ ಜಲ್ಲಿ ರಸ್ತೆಯನ್ನು ಮೂವತ್ತೊಂದು ವರ್ಷ ಗ್ರೇಡರ್ ಯಂತ್ರದಲ್ಲಿ ಕೆರೆದು ಸಮ ಮಾಡಿದವನು ಆರ್ಲೋ. ಮುದುಕಿಯರು ಇದರ ಮೇಲೆ ಮೊಟ್ಟೆ ತುಂಬಿದ ಬುಟ್ಟಿ ಇಟ್ಟುಕೊಂಡು ಹೋಗುತ್ತಿದ್ದರು. ಪುಸ್ತಕ ಓದಿ ಈಜು ಕಲಿತವನಿಗೆ ಕೆರೆ ತೋರಿಸಬಾರದು.

ಟ್ರೆವರ್ ಆ ಊರಿಗೆ, ಅಂದರೆ ನೆವಾಡಾದ ಕಾಪರ್ ವೆಲ್ಸ್‌ಗೆ, ಬಂದು ಐದು ತಿಂಗಳಾಗಿತ್ತು. ಸ್ಯಾಕ್ರಮೆಂಟೋದಿಂದ ಹೆಂಡತಿಯ ಜೊತೆ ಬಂದು ಆರ್ಲೋನ ಪಕ್ಕದ ಮನೆ ಹಿಡಿದ. ವಿಮೆಯ ಕೆಲಸವಂತೆ. ಮನೆಯಲ್ಲೇ ಕೂತು, ಜನ ಕಳಿಸುವ ನಜ್ಜುಗುಜ್ಜಾದ ಕಾರುಗಳ ಫೋಟೋ ನೋಡಿ ನಷ್ಟ ಎಷ್ಟೆಂದು ಹೇಳುವುದು. ಬಂದ ಎರಡನೇ ವಾರ ಊರಿನವರ ಅಂತರ್ಜಾಲ ಪುಟದಲ್ಲಿ ಬರೆದಿದ್ದ. ಅದನ್ನು ಡೆಲ್ಮರ್ ಯೇಟ್ಸ್ ಪೆಟ್ರೋಲ್ ಬಂಕಿನ ಕಾಫಿ ಕಟ್ಟೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದ. ಡೆಲ್ಮರ್ ಹಿಂದೆ ಗಣಿಯಲ್ಲಿ ಸಿಡಿಮದ್ದು ಇಡುತ್ತಿದ್ದವನು. ಕಿವಿ ಮಂದ, ಆದ್ದರಿಂದ ದನಿ ದೊಡ್ಡದು.

"'ಎಲ್ಲರಿಗೂ ನಮಸ್ಕಾರ! ನಾವು ನಿಮ್ಮೂರಿಗೆ ಹೊಸಬರು. ಎರಡು ಗಂಟೆ ದಾರಿಯೊಳಗೆ, ಜನ ಇಲ್ಲದ, ಟೆಂಟು ಹಾಕಬಹುದಾದ, ಗುಡ್ಡ ಹತ್ತಬಹುದಾದ, ಗಾಡಿಗೆ ಸ್ವಲ್ಪ ಸವಾಲಾಗುವ ಜಾಗಗಳಿದ್ದರೆ ದಯವಿಟ್ಟು ತಿಳಿಸಿ. ನೀರಿದ್ದರೆ ಇನ್ನೂ ಸಂತೋಷ.' ಏನ್ರಯ್ಯಾ, ನೀರಿದ್ರೆ ಇನ್ನೂ ಸಂತೋಷವಂತೆ! ಹಾಸಿಗೆ ಹಾಸಿ ಕಾಲು ಒತ್ತೋರು ಬೇಡ್ವೇನೋ ಪಾಪ."

ಕೆಳಗೆ ನಲವತ್ತು ಉತ್ತರಗಳಿದ್ದವು. ಬಹಳ ಮೆಚ್ಚುಗೆ ಸಿಕ್ಕಿದ್ದು ಒಂದಕ್ಕೆ: ನೀವು ಬಂದ ಹೆದ್ದಾರಿಯೇ ಈ ಜಿಲ್ಲೆಯ ಅತಿ ಸುಂದರ ದಾರಿ, ವಾಪಸ್ಸು ಹೋಗುವಾಗ ಇನ್ನೂ ಚೆನ್ನ.

ಟ್ರೆವರ್ ಅದಕ್ಕೂ ನಗುವ ಗುರುತು ಹಾಕಿದ್ದನಂತೆ.

ಕಾಪರ್ ವೆಲ್ಸ್‌ನಲ್ಲಿ ಜಾಗ ಕೇಳುವುದೆಂದರೆ ಬೇರೆಯವರ ಹೆಂಡತಿಯ ವಯಸ್ಸು ಕೇಳಿದ ಹಾಗೆ. ಯಾರೂ ಹೇಳುವುದಿಲ್ಲ, ಹೇಳುವುದಿಲ್ಲ ಎಂದೂ ಹೇಳುವುದಿಲ್ಲ. ಒಂಬತ್ತು ವರ್ಷದ ಹಿಂದೆ ಯಾರೋ ಒಬ್ಬ ಬಿಸಿನೀರ ಬುಗ್ಗೆಯ ಚಿತ್ರವನ್ನು ದಾರಿ ಸಮೇತ ಎಲ್ಲಿಯೋ ಹಾಕಿದ. ಎರಡು ಬೇಸಿಗೆಯಲ್ಲಿ ಅದರ ಸುತ್ತ ಹುಲ್ಲು ಹೋಯಿತು, ಬುಗ್ಗೆಯೊಳಗೆ ಬಾಟಲಿ ಚೂರು ಬಂತು, ಪೊದೆಪೊದೆಗೂ ಬಿಳಿ ಕಾಗದ ಹಾರಾಡಿತು. ಅಂದಿನಿಂದ ಜನ ಅಪ್ಪಂದಿರ ಕಾಲದ ಶಿಸ್ತಿಗೆ ಮರಳಿದರು. ಅನಿವಾರ್ಯವಾಗಿ ಯಾರನ್ನಾದರೂ ಕರೆದೊಯ್ಯಲೇಬೇಕಾದರೆ ಸುತ್ತಿಸಿ ಕರೆದೊಯ್ಯಬೇಕು. ಅದು ಅವಮಾನವಲ್ಲ, ಮರ್ಯಾದೆ. ಆರ್ಲೋಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಅವನ ಮೇಸ್ತ್ರಿ ಫೆರಿನ್, ಟ್ರಕ್ಕಿನ ಹಿಂಭಾಗದಲ್ಲಿ ಟಾರ್ಪಾಲಿನ ಕೆಳಗೆ ಮಲಗಿಸಿ ಅವನನ್ನು ಮೇಲಿನ ನೀರಿಗೆ ಕರೆದೊಯ್ದಿದ್ದ. ಆಮೇಲೆ ದಾರಿಯನ್ನು ತಾನೇ ಹುಡುಕಿಕೊಳ್ಳಲು ಆರ್ಲೋಗೆ ಎರಡು ವರ್ಷ ಹಿಡಿದಿತ್ತು. ಹುಡುಕಿದೆ ಎಂದು ಹೇಳಿದಾಗ ಫೆರಿನ್ ಕೇಳಿದ್ದು ಒಂದೇ ಮಾತು: "ಯಾರಿಗ್ಹೇಳಿದೆ?"

ಪುಟದಲ್ಲಿ ಉತ್ತರ ಸಿಗದ ಟ್ರೆವರ್ ಬೇಲಿಯ ಬಳಿ ಬಂದು ಆರ್ಲೋನನ್ನೇ ಕೇಳಿದ. ಕೈಯಲ್ಲಿ ಹೆಂಡತಿ ಮನೆಯಲ್ಲೇ ಮಾಡಿದ ಬ್ರೆಡ್ಡು. ಆರ್ಲೋ ಬ್ರೆಡ್ಡು ತೆಗೆದುಕೊಂಡು ಉಪ್ಪಿನ ಬಯಲಿಗೆ ದಾರಿ ಹೇಳಿದ. ಮೇ ತಿಂಗಳಲ್ಲಿ ಅಲ್ಲಿ ಕಣ್ಣು, ಮೂಗು, ಬಾಯಿಗೆ ತುಂಬುವಷ್ಟು ನೊಣವಿರುತ್ತದೆ, ಇನ್ನೇನೂ ಇರುವುದಿಲ್ಲ. ಎರಡು ದಿನ ಕಳೆದು ಟ್ರೆವರ್ ಮುಖವೆಲ್ಲ ಊದಿಸಿಕೊಂಡು ಬಂದ. "ಎಂಥ ಜಾಗ, ಬೆಕ್‌ಸ್ಟೆಡ್ ಅವರೇ! ಒಂದು ನರಪಿಳ್ಳೆ ಇಲ್ಲ!" ಜೂನ್‌ನಲ್ಲಿ ಹಳೇ ಗಣಿಯ ಕಸದ ಕಣಿವೆಗೆ ಕಳಿಸಿದ. ಅಲ್ಲಿಂದ ಬಂದವನು ತುಕ್ಕು ಹಿಡಿದ ಕಾರೊಂದರ ವಯಸ್ಸು, ತಯಾರಿಕೆ, ಅದಕ್ಕೆ ಎಡಗಡೆಯಿಂದ ಏನೋ ಗುದ್ದಿರಬೇಕು ಎಂಬುದನ್ನೆಲ್ಲ ಅರ್ಧ ಗಂಟೆ ವರ್ಣಿಸಿದ. ನರಕಕ್ಕೆ ಕಳಿಸಿದರೂ ನೆರಳಿಲ್ಲದಿದ್ದರೇನಂತೆ, ಬೆಚ್ಚಗಿದೆ ಎನ್ನುವ ಗಿರಾಕಿ. ಅಂಥವನನ್ನು ತಿರಸ್ಕರಿಸುವುದೂ ಕಷ್ಟ. ಒದ್ದ ಕಾಲು ಮೆತ್ತೆಗೆ ಬಿದ್ದಂತಾಗುತ್ತದೆ.

ಹೀಗಿದ್ದೂ ಅವನ ಟ್ರಕ್ಕನ್ನೇ ಹತ್ತಬೇಕಾಗಿ ಬಂದದ್ದಕ್ಕೆ ಕಾರಣ ಆರ್ಲೋನ ಕಣ್ಣು.

ಎರಡು ವರ್ಷದ ಹಿಂದೆ ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಬಂದು ಕೂತಿತ್ತು. ಮೊದಲು ಕಾಳಿನಷ್ಟು, ಆಮೇಲೆ ನಾಣ್ಯದಷ್ಟು, ಈಗ ತಟ್ಟೆಯಷ್ಟು. ಸುತ್ತ ಅಂಚಿನಲ್ಲಿ ಬೆಳಕಿದೆ, ಬಣ್ಣವಿದೆ, ನೆರಳಿನ ಓಡಾಟವಿದೆ. ಆದರೆ ಯಾವುದನ್ನು ನೋಡಬೇಕೆಂದು ತಿರುಗುತ್ತಾನೋ ಅದೇ ಕಾಣುವುದಿಲ್ಲ. ನೂರ ಎಂಬತ್ತು ಮೈಲಿ ದೂರದ ವೈದ್ಯ, ಇದು ನಿಲ್ಲುವುದಿಲ್ಲ, ನಿಧಾನ ಮಾಡಬಹುದು ಎಂದಿದ್ದ. ನಿಧಾನವೂ ಆಗಲಿಲ್ಲ. ಮಾರ್ಚಿನಲ್ಲಿ ಲೈಸೆನ್ಸು ಮುಗಿಯಿತು. ಕಣ್ಣಿನ ಪರೀಕ್ಷೆಯಿಲ್ಲದೆ ಹೊಸದು ಕೊಡುವುದಿಲ್ಲ ಎಂದರು, ಅವನು ಹೋಗಲಿಲ್ಲ. ತನ್ನ ಹಳೇ ಗಾಡಿಗೆ ಟಾರ್ಪಾಲು ಹೊದಿಸಿ, ಗೇರ್‌ಬಾಕ್ಸ್ ಹೋಗಿದೆ, ಸಾಮಾನು ಸಿಗುತ್ತಿಲ್ಲ ಎಂದು ಡೆಲ್ಮರ್‌ಗೆ ಹೇಳಿದ. ಎಲ್ಲಿಗೆ ಹೋಗಲೂ ಅರವತ್ತು ಮೈಲಿಯಿರುವ ಆ ಊರಲ್ಲಿ ಗಾಡಿ ಓಡಿಸಲಾರದವನು ಸತ್ತವನಿಗೆ ಸಮ, ಹೂಳುವುದೊಂದು ಬಾಕಿ. ಜನ ಬಂದು ಹೆಗಲು ತಟ್ಟುತ್ತಾರೆ, ಅಡುಗೆ ಮಾಡಿ ತಂದಿಡುತ್ತಾರೆ, ಎದುರಿಗೆ ಜೋರಾಗಿ ನಿಧಾನವಾಗಿ ಮಾತಾಡುತ್ತಾರೆ. ಹಾರ್ವೆ ಎಂಬ ಹಳೇ ಸಂಗಾತಿಗೆ ಹಾಗಾದದ್ದನ್ನು ಅವನು ಕಂಡಿದ್ದ. ತಾನೂ ಹೆಗಲು ತಟ್ಟಿದ್ದ.

ಆದ್ದರಿಂದ ಯಾರಿಗೂ ಗೊತ್ತಿಲ್ಲ. ಬಂಕಿಗೆ ಹೋಗಲು ಇನ್ನೂರ ಹನ್ನೆರಡು ಹೆಜ್ಜೆ, ಕಟ್ಟೆಗೆ ಏಳು. ಜನರನ್ನು ದನಿಯಿಂದ, ಬೂಟಿನ ಸದ್ದಿನಿಂದ, ಬೆವರಿನಿಂದ ಗುರುತು ಹಿಡಿಯುತ್ತಾನೆ.

ಮೇಲಿನ ನೀರಿನಲ್ಲಿ ಒಂದು ಆಸ್ಪೆನ್ ಮರದ ತೋಪಿದೆ. ಸೆಪ್ಟೆಂಬರ್ ಕೊನೆಯ ಒಂದೇ ವಾರ ಎಲೆಗಳು ಹಳದಿಯಾಗಿ, ಗಾಳಿಯಿಲ್ಲದಾಗಲೂ ನಡುಗಿ, ಉದುರಿಬಿಡುತ್ತವೆ. ಹಿಂದೆ ಕುರಿ ಮೇಯಿಸಲು ಸ್ಪೇನಿನ ಕಡೆಯಿಂದ ಬರುತ್ತಿದ್ದ ಬಾಸ್ಕ್ ಜನ ಬೇಸಿಗೆಯಿಡೀ ಮಾತಾಡಲು ಯಾರೂ ಇಲ್ಲದೆ ಆ ಮರಗಳ ಬಿಳಿ ತೊಗಟೆಯ ಮೇಲೆ ಚಾಕುವಿನಿಂದ ಕೆತ್ತುತ್ತಿದ್ದರು: ಹೆಸರು, ಊರು, ಹೆಂಗಸರು. ಗೀರು ವರ್ಷ ಕಳೆದಂತೆ ಉಬ್ಬಿ ಕಪ್ಪಾಗುತ್ತದೆ. ಅವುಗಳಲ್ಲಿ ಒಂದು ಮರದ ಮೇಲೆ ಯಾರೋ ಮನೆ ಕೆತ್ತಿದ್ದಾನೆ. ಹೆಸರು ಹಾಕಿಲ್ಲ. ಮೂವತ್ತೊಂದು ವರ್ಷ ರಸ್ತೆ ಕೆಲಸದ ಡೇರೆಗಳಲ್ಲಿ, ಚಕ್ರದ ಮೇಲಿನ ಗಾಡಿಮನೆಗಳಲ್ಲಿ ಮಲಗಿದ ಆರ್ಲೋ, ವರ್ಷಕ್ಕೊಂದು ದಿನ ಆ ಮನೆಯ ಎದುರು ಕೂತು ಬರುತ್ತಿದ್ದ. ಏನೂ ಮಾಡುತ್ತಿರಲಿಲ್ಲ. ಹೋದ ವರ್ಷ ಹೋಗಲಾಗಿರಲಿಲ್ಲ. ಇನ್ನೊಮ್ಮೆ ನೋಡಬೇಕಿತ್ತು, ಅಷ್ಟೆ. ಮುಖವನ್ನು ಸ್ವಲ್ಪ ಓರೆ ಮಾಡಿ ಕಣ್ಣಂಚಿನಲ್ಲಿ ಹಿಡಿದರೆ ಈ ವರ್ಷ ಕಂಡೀತು. ಬರುವ ವರ್ಷ ಅಂಚೂ ಇರುತ್ತದೋ ಇಲ್ಲವೋ.

ಡೆಲ್ಮರ್‌ನನ್ನು ಕೇಳಬಹುದಿತ್ತು. ಆದರೆ ಡೆಲ್ಮರ್‌ಗೆ ಆ ದಾರಿ ಗೊತ್ತು. ಪಕ್ಕದಲ್ಲಿ ಕೂತವನು ಎಲ್ಲಿ ತಡವರಿಸಿದ ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಕೇಳಿಸುತ್ತಿತ್ತು. ಏನೂ ಗೊತ್ತಾಗದವನೊಬ್ಬ ಬೇಕಿತ್ತು. ಬೇಲಿಯಾಚೆ ಅಂಥವನಿದ್ದ.

"ಫೋನು ನಮ್ಮನೇಲಿ ಬಿಡ್ಬೇಕು," ಎಂದು ಆರ್ಲೋ ಕರಾರು ಹಾಕಿದ್ದ. "ನಕಾಶೆ ಗಿಕಾಶೆ ಏನೂ ಇರಕೂಡ್ದು. ನಾನು ಹೇಳ್ದಂಗೆ ತಿರುಗ್ಬೇಕು. ಯಾಕೆ ಎತ್ತ ಕೇಳೋ ಹಂಗಿಲ್ಲ."

"ಆಯ್ತು," ಎಂದಿದ್ದ ಟ್ರೆವರ್. ಸ್ವಲ್ಪ ತಡೆದು, "ಕಾಫಿ ಮಾಡೋ ಯಂತ್ರ ತರಬಹುದಾ?"

ಈಗ ಅವರು ಸೇಜ್ ಪೊದೆಗಳ ಬಯಲಿನಲ್ಲಿದ್ದರು. ದನಗಳು ದಾಟದ ಹಾಗೆ ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಕಂಬಿಗಳ ಮೇಲೆ ಚಕ್ರ ಹರಿದು ಗಡಗಡ ಸದ್ದಾಯಿತು. ಆರ್ಲೋ ಸದ್ದಿನಿಂದಲೇ ಜಾಗ ತಿಳಿದ. ಇಲ್ಲಿಂದ ಎಡಕ್ಕೆ ಹೊರಟರೆ ಆರು ಮೈಲಿ ಬಳಸಿ ಮತ್ತೆ ಇಲ್ಲಿಗೇ ಬರುವ ಹಳೇ ದಾರಿಯಿದೆ. ಹನ್ನೆರಡು ಮೈಲಿ ಸುತ್ತ ಗುರುತು ಹಿಡಿಯಲು ಒಂದು ಕಂಬವೂ ಇಲ್ಲದ ಬಯಲು. ಅದಕ್ಕೇ ಇದನ್ನು ಆರಿಸಿದ್ದು.

"ಓ, ಅಲ್ಲೊಂದು ಬಿಳೀ ಗಾಡಿಮನೆ ಇದೆ," ಎಂದ ಟ್ರೆವರ್. "ಯಾರೋ ಬಿಟ್ಟುಹೋದಂಗಿದೆ. ಬಾಗಿಲು ಮುರಿದು ನೇತಾಡ್ತಿದೆ."

ಆರ್ಲೋ ಸೀಟಿನಲ್ಲಿ ನೆಟ್ಟಗಾದ. ಇಲ್ಲಿ ಯಾವ ಗಾಡಿಮನೆಯೂ ಇರಲಿಲ್ಲ. ಎರಡು ವರ್ಷದಲ್ಲಿ ಯಾವನೋ ತಂದು ಬಿಸಾಕಿದ್ದಾನೆ. "ಗೊತ್ತು," ಎಂದ. "ಕುರಿಯೋರ್ದು."

ಆರು ಮೈಲಿ ಬಳಸಿ ಮತ್ತೆ ಕಂಬಿ ದಾಟಿದರು. ಟ್ರೆವರ್ ಸಿಳ್ಳೆ ನಿಲ್ಲಿಸಿದ. "ಇಲ್ಲೂ ಒಂದು ಬಿಳೀ ಗಾಡಿಮನೆ."

"ಇರುತ್ತೆ. ಕುರಿಯೋರು ಒಂದೇ ಕಡೆ ಬಿಡ್ತಾರಾ?"

"ಇದರ ಬಾಗಿಲೂ ಮುರಿದಿದೆ."

"ಒಂದೇ ಕಂಪನಿ ಮಾಲು. ಬಾಗಿಲು ಗಟ್ಟಿ ಇರಲ್ಲ."

"ಎರಡರದ್ದೂ?"

"ಎರಡರದ್ದೂ ಕಣಯ್ಯಾ. ನೀನೇನು ಅದಕ್ಕೂ ವಿಮೆ ಮಾಡಿಸ್ತೀಯಾ?"

ಟ್ರಕ್ಕು ತುಸು ನಿಧಾನವಾಯಿತು. ಟ್ರೆವರ್ ತನ್ನ ಕಡೆ ತಿರುಗಿ ನೋಡುತ್ತಿದ್ದಾನೆ ಎಂದು ಆರ್ಲೋಗೆ ಅನಿಸಿತು. ಅವನೂ ಮುಖ ಗಟ್ಟಿ ಮಾಡಿ ನೇರವಾಗಿ ಮುಂದಕ್ಕೆ ನೋಡಿದ. ಮುಂದೆ ಬೂದು ಮಚ್ಚೆ. "ಹೌದಾ," ಎಂದು ಟ್ರೆವರ್ ಮತ್ತೆ ವೇಗ ಹೆಚ್ಚಿಸಿದ.

ಮೂರನೇ ಸಲ, ನಾಲ್ಕನೇ ಸಲ ಕಂಬಿ ಗಡಗಡ ಎಂದಾಗ ಟ್ರೆವರ್ ಏನೂ ಅನ್ನಲಿಲ್ಲ. ಆರ್ಲೋ ಸದ್ದಿಲ್ಲದೆ ನಕ್ಕ. ಕಣ್ಣೆರಡೂ ನೆಟ್ಟಗಿದ್ದು ಮಂಡೆ ಖಾಲಿಯಿದ್ದರೆ ಇಷ್ಟೇ. ಮುರಿದ ಬಾಗಿಲಿನ ಮನೆ ಎದುರಿಗೇ ನಾಲ್ಕು ಸಲ ಬಂದರೂ ಲೋಕದಲ್ಲಿ ನಾಲ್ಕು ಮನೆಯಿವೆ ಎಂದುಕೊಳ್ಳುತ್ತಾನೆ. ನಾಲ್ಕನೇ ಸುತ್ತಿನ ಯೋಚನೆಯನ್ನು ಅವನು ಅಲ್ಲಿಗೆ ಕೈಬಿಟ್ಟ.

"ಬಲಕ್ಕೆ," ಎಂದ. "ಇನ್ಮೇಲೆ ಏರು."

ದಾರಿ ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಅರ್ಧ ಮೈಲಿ ನಡೆಯಬೇಕು. ಆರ್ಲೋ ಕೋಲು ಹಿಡಿದಿದ್ದ. ಮಂಡಿ ನೋವು ಎಂದು ಮೊದಲೇ ಹೇಳಿಟ್ಟಿದ್ದ. ಟ್ರೆವರ್ ಮುಂದೆ ಹೊರಟ. ಹೊರಟವನು ಸುಮ್ಮನಿರಬೇಕಲ್ಲ, ಹೆಜ್ಜೆಹೆಜ್ಜೆಗೂ ವರದಿ.

"ಅಬ್ಬಾ, ಇಲ್ಲಿ ದೊಡ್ಡ ಕಲ್ಲು. ಎಡಗಡೆ." ನಾಲ್ಕು ಹೆಜ್ಜೆ. "ಇಲ್ಲಿ ಜಾರುತ್ತೆ ಮಾರಾಯ." ಮತ್ತೆ ಆರು ಹೆಜ್ಜೆ. "ಕೊಂಬೆ ಬಿದ್ದಿದೆ, ಮಂಡಿ ಎತ್ತರಕ್ಕೆ." ದಾರಿಯಲ್ಲಿನ ಸಣ್ಣ ಕಲ್ಲುಗಳನ್ನು ಕಾಲಿಂದ ಒದ್ದು ಪಕ್ಕಕ್ಕೆ ಉರುಳಿಸುವ ಸದ್ದು ಬೇರೆ.

"ನಿಂಗೆ ಕಲ್ಲು ಹೊಸದೇನೋ?" ಎಂದ ಆರ್ಲೋ. "ಸ್ಯಾಕ್ರಮೆಂಟೋದಲ್ಲಿ ಕಲ್ಲಿಲ್ವಾ?"

"ಇಷ್ಟು ಚೆನ್ನಾಗಿರೋದು ಇಲ್ಲ."

"ಹಿಂಗೆ ಕೂಗ್ತಾ ಹೋದ್ರೆ ಜಿಂಕೆ ಅಲ್ಲ, ಗುಡ್ಡಾನೂ ಎದ್ದು ಓಡುತ್ತೆ."

ನಗು. "ಇಲ್ಲಿ ಮೂರು ಮೆಟ್ಟಿಲಿನ ಹಾಗಿದೆ," ಎಂದ ಟ್ರೆವರ್. ಮೂರೇ ಇದ್ದವು. ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಇವನ ಬಾಯಿಗೆ ಮಾತು ಕೊಟ್ಟುಬಿಟ್ಟಿದ್ದಾನೆ ದೇವರು ಎಂದುಕೊಂಡ ಆರ್ಲೋ. ಆದರೆ ಅವನು ಎಲ್ಲೂ ಎಡವಲಿಲ್ಲ. ಎಡವದಿದ್ದುದಕ್ಕೆ ಹೆಮ್ಮೆಯಾಯಿತು. ಐವತ್ತು ವರ್ಷದ ದಾರಿ, ಕಾಲಿಗೇ ಕಣ್ಣಿರುತ್ತದೆ.

ಮೊದಲು ನೀರಿನ ತಂಪು ಮುಖಕ್ಕೆ ತಾಗಿತು, ಆಮೇಲೆ ಎಲೆಗಳ ಸದ್ದು. ಆ ಸದ್ದನ್ನು ಅವನು ಮರೆತಿದ್ದ. ಎಷ್ಟೋ ಜನ ದೂರದಲ್ಲಿ ಕೂತು ಅಕ್ಕಿ ಕೇರುತ್ತಿರುವಂಥ ಸದ್ದು. ತಲೆ ಎತ್ತಿದ. ಮಚ್ಚೆಯ ಸುತ್ತಲೂ ಹಳದಿ. ಆಕಾರವಿಲ್ಲದ, ಅಲುಗುವ, ತೆಳ್ಳನೆ ಬೆಂಕಿಯಂಥ ಹಳದಿ. ಒಂದಷ್ಟು ಹೊತ್ತು ನಿಂತ.

"ಓ," ಎಂದ ಟ್ರೆವರ್. ಅಷ್ಟೇ ಅಂದ.

ಬುಗ್ಗೆಯ ಕಲ್ಲಿಗೆ ಬೆನ್ನು ಕೊಟ್ಟು ಆರ್ಲೋ ಮನಸ್ಸಿನಲ್ಲೇ ಎಣಿಸುತ್ತ ಏರಿನ ಕಡೆ ಮೂವತ್ತು ಹೆಜ್ಜೆ ಹಾಕಿದ. ಎಡಗಡೆ ವಾಲಿದ ಬಂಡೆ ಕೋಲಿಗೆ ಸಿಕ್ಕಿತು. ಅದರ ಮುಂದೆ ದಪ್ಪನೆಯ ಮರ. ನಾಲ್ಕು ಅಡಿ ಈಚೆ ನಿಂತು ಮುಖ ಓರೆ ಮಾಡಿದ. ಬಿಳಿ ಕಂಬ ಅಂಚಿಗೆ ಬಂತು. ಅದರ ಮೇಲೆ ಕಪ್ಪು ಇರಬೇಕಾದಲ್ಲಿ ಮಚ್ಚೆ ಜಾರಿ ಬಂದು ಕೂತಿತು. ಇನ್ನಷ್ಟು ಓರೆ ಮಾಡಿದ, ಮರವೇ ಹೋಯಿತು. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಹಿಂದೆ ಟ್ರೆವರ್ ಉಸಿರಾಡುತ್ತ ನಿಂತಿದ್ದ. ಹೆಚ್ಚು ಹೊತ್ತು ಹೀಗೆ ಕತ್ತು ತಿರುವುತ್ತಿದ್ದರೆ ಎಂಥ ದಡ್ಡನಿಗೂ ಅನುಮಾನ ಬರುತ್ತದೆ.

"ನೋಡು," ಎಂದು ಆರ್ಲೋ ಕೋಲೆತ್ತಿ ತೋರಿಸಿದ. ದನಿ ತನಗೇ ಜೋರೆನಿಸಿತು. "ನಿನ್ನ ಎದೆ ಎತ್ತರಕ್ಕೆ. ಒಂದು ಮನೆ. ಎರಡು ಚಿಮಣಿ. ಎಡಗಡೇದ್ರಿಂದ ಮಾತ್ರ ಹೊಗೆ ಬರ್ತಿದೆ. ಕಿಟಕಿ ಒಂದಿದೆ, ಬಾಗಿಲು ಅರ್ಧ ತೆಗೆದಿದೆ. ಕೆಳಗೆ ಇಸವಿ, ಸಾವಿರದ ಒಂಬೈನೂರ ಮೂವತ್ತೆಂಟು. ಎಂಟನ್ನ ಮಲಗಿಸಿ ಬರ್ದಿದಾನೆ ಬಡ್ಡೀಮಗ. ಕುಡಿದಿದ್ನೋ ಏನೋ."

ಎಲೆಗಳು ಅಕ್ಕಿ ಕೇರುತ್ತಲೇ ಇದ್ದವು. ಐದು ತಿಂಗಳಲ್ಲಿ ಟ್ರೆವರ್‌ನ ಬಾಯಿ ಇಷ್ಟು ಹೊತ್ತು ಮುಚ್ಚಿದ್ದು ಇದೇ ಮೊದಲು.

"ಕಾಣ್ತಾ?"

"ಕಾಣ್ತಿದೆ," ಎಂದ ಟ್ರೆವರ್. "ಹೊಗೆ ತುಂಬ ಚೆನ್ನಾಗಿ ಮಾಡಿದ್ದಾನೆ."

"ಎಂಟು?"

"ಮಲಗಿದೆ."

ಆರ್ಲೋಗೆ ಒಳಗೊಳಗೇ ಹಿಗ್ಗಾಯಿತು. ನೊಣದ ಬಯಲನ್ನೂ ಕಸದ ಕಣಿವೆಯನ್ನೂ ಬಾಯ್ತುಂಬ ಹೊಗಳಿದವನಿಗೆ ಇಲ್ಲಿ ನಾಲ್ಕು ಮಾತು ಹುಟ್ಟಲಿಲ್ಲ. ತೋರಿಸಬೇಕಾದ್ದನ್ನು ತೋರಿಸಿದರೆ ಕತ್ತೆಗೂ ಗೊತ್ತಾಗುತ್ತದೆ. ಅವನು ಮುಂದೆ ಹೋಗಿ, ಪ್ರತಿ ವರ್ಷವೂ ಮಾಡುತ್ತಿದ್ದಂತೆ, ಕುದುರೆಯ ಕತ್ತು ತಟ್ಟುವ ಹಾಗೆ ಮನೆಯ ಮೇಲೆ ಅಂಗೈಯಿಟ್ಟ.

ತೊಗಟೆ ನುಣ್ಣಗಿತ್ತು.

ಕೈಗೆ ಹಿಟ್ಟಿನಂಥ ಪುಡಿ ಅಂಟಿತು. ಅಂಗೈಯನ್ನು ಎಡಕ್ಕೆ ಸರಿಸಿದ, ಮೇಲಕ್ಕೆ, ಕೆಳಕ್ಕೆ. ಉಬ್ಬಿಲ್ಲ, ಗೀರಿಲ್ಲ. ಮಗುವಿನ ಬೆನ್ನಿನಷ್ಟು ನುಣುಪು. ಬೆರಳುಗಳು ನಿಂತವು, ಆದರೆ ಅವನು ಕೈ ತೆಗೆಯಲಿಲ್ಲ.

"ನಾನು ಹೋಗಿ ನೀರು ತುಂಬಿಸ್ಕೊಂಡು ಬರ್ತೀನಿ," ಎಂದ ಟ್ರೆವರ್ ಹಿಂದಿನಿಂದ. ಮಾಮೂಲಿ ದನಿ. "ಕಾಫಿಗೆ." ಬೂಟಿನ ಸದ್ದು ಇಳಿಜಾರಿಗೆ ಹೋಯಿತು. ಈ ಸಲ ಕಲ್ಲುಗಳ ವರದಿ ಇರಲಿಲ್ಲ. ಕೊಂಬೆ ಬಿದ್ದಿದೆ ಎನ್ನಲಿಲ್ಲ, ಜಾರುತ್ತದೆ ಎನ್ನಲಿಲ್ಲ. ಒಬ್ಬನೇ ನಡೆಯುವಾಗ ಟ್ರೆವರ್ ನೊವಾಕ್ ಮಾತೇ ಆಡುವುದಿಲ್ಲ.

ಅಂದರೆ ಆರ್ಲೋಗೆ ಕಣ್ಣು ಕಾಣದೆಂದು ಅವನಿಗೆ ಗೊತ್ತು. ಎಷ್ಟು ದಿನದಿಂದ? ಇವತ್ತಿನಿಂದಲೋ, ಬೇಲಿಯ ಹತ್ತಿರ ಬ್ರೆಡ್ಡಿಗೆ ಕೈ ಚಾಚಿ ಗಾಳಿ ಹಿಡಿದ ದಿನದಿಂದಲೋ? ಅವನಿಗೆ ಗೊತ್ತೆಂದರೆ ಅವನ ಹೆಂಡತಿಗೆ ಗೊತ್ತು. ಹೆಂಡತಿಗೆ ಗೊತ್ತೆಂದರೆ ಅಡುಗೆ ಬರುತ್ತದೆ. ಆ ನಗು, ಆ 'ಬೆಕ್‌ಸ್ಟೆಡ್ ಅವರೇ', ಎರಡನೇ ಗಾಡಿಮನೆಯ ಹತ್ತಿರದ ಆ 'ಹೌದಾ'. ಒದ್ದು ಉರುಳಿಸಿದ ಒಂದೊಂದು ಕಲ್ಲೂ ಈಗ ಎದೆಯ ಮೇಲೆ ಬಂದು ಬಿದ್ದಂತಾಯಿತು. ಇಂಥ ಒಬ್ಬನಿಂದ ಕರುಣೆಗೆ ಒಳಗಾಗುವುದಕ್ಕಿಂತ ಟ್ರಕ್ಕಿಗೆ ಸಿಕ್ಕಿ ಸಾಯುವುದು ಮೇಲು.

ಆದರೆ ಹೊತ್ತಿರಲಿಲ್ಲ. ಮನೆ ಎಲ್ಲಿ? ಮರ ಉರುಳಿತೋ, ತಾನೇ ತಪ್ಪು ಮರದೆದುರು ನಿಂತಿದ್ದೇನೋ? ಉರುಳಿದ್ದರೆ ಆ ಕತ್ತೆಗೆ ಕಂಡಿರುತ್ತದೆ, ಕೇಳಿದರೆ ಹೇಳುತ್ತಾನೆ. ಕೇಳುವುದೆಂದರೆ ಕಾಣುವುದಿಲ್ಲ ಎಂದಂತೆ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಮುಂದೆ ಚಾಚಿ ಪಕ್ಕದ ಮರಕ್ಕೆ ಹೋದ. ನುಣುಪು. ಒಂದು ಗಂಟು, ಕೊಂಬೆ ಮುರಿದ ಗುರುತು. ಇನ್ನೊಂದು ಮರ. ಬೆರಳಿಗೆ ಏನೋ ಉಬ್ಬು ಸಿಕ್ಕಿತು. ಸವರಿದ, ಮತ್ತೆ ಸವರಿದ, ಯಾವುದೋ ಹೆಸರಿನ ಮೊದಲ ಅಕ್ಷರ, ಅಷ್ಟೆ. ಮೂರನೇ ಮರಕ್ಕೆ ಹೋಗುವಾಗ ಬೇರು ಎಡವಿ ಮಂಡಿಯೂರಿದ. ಎದ್ದ. ಕೆಳಗಿನಿಂದ ಬೂಟಿನ ಸದ್ದು ಬರತೊಡಗಿತು. ಮಾಮೂಲಿಗಿಂತ ಜೋರಾಗಿ, ದೂರದಿಂದಲೇ ಎಚ್ಚರಿಸುವ ಹಾಗೆ. ಆರ್ಲೋ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತ.

ಕಾಫಿ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಏನಾದರೂ ಅನ್ನಬಹುದಿತ್ತು. ಇಬ್ಬರೂ ಬಂಡೆಗೊರಗಿ ಕುಡಿದರು. ಟ್ರೆವರ್ ಒಮ್ಮೆ, "ನಿಮ್ಮ ಮಂಡಿಗೆ ಮಣ್ಣು," ಎಂದ. ಆರ್ಲೋ, "ಇರ್ಲಿ, ನಮ್ಮೂರ ಮಣ್ಣು," ಎಂದ. ಎಲೆಯೊಂದು ಉದುರಿ ಆರ್ಲೋನ ಲೋಟಕ್ಕೆ ಬಿತ್ತು. ತುಟಿಗೆ ತಾಗಿದಾಗಲೇ ಗೊತ್ತಾದದ್ದು. ತೆಗೆದು ಬಿಸಾಡಿದ.

ಇಳಿಯುವಾಗ ಟ್ರೆವರ್ ಮುಂದೆ ನಡೆದ. ಮತ್ತೆ ಶುರುವಾಯಿತು: "ಇಲ್ಲಿ ಮೆಟ್ಟಿಲು, ಮೂರು." ಆರ್ಲೋ ಈ ಸಲ ಬೈಯಲಿಲ್ಲ. ಬೈದರೆ ಅವನು ನಿಲ್ಲಿಸಿಬಿಟ್ಟಾನು ಎಂಬ ಹೆದರಿಕೆ ಹುಟ್ಟಿತು. ಆ ಹೆದರಿಕೆಯನ್ನೂ ಅವನು ಟ್ರೆವರ್‌ನ ಲೆಕ್ಕಕ್ಕೇ ಬರೆದ.

ಬಯಲಿಗಿಳಿದು ಕಂಬಿ ಸಿಗುವ ಮೊದಲು ಗಾಡಿ ನಿಂತಿತು. ಎಂಜಿನ್ನು ಗುರುಗುಟ್ಟುತ್ತಿತ್ತು.

"ಈಗ ಯಾವ ಕಡೆ, ಬೆಕ್‌ಸ್ಟೆಡ್ ಅವರೇ?"

ದನಿಯಲ್ಲಿ ಅಣಕವಿದೆಯೇ ಎಂದು ಆರ್ಲೋ ಹುಡುಕಿದ. ಇರಲಿಲ್ಲ. ಬಲಕ್ಕೆ ಎಂದರೆ ಬಲಕ್ಕೆ ಹೋಗುತ್ತಾನೆ. ಕತ್ತಲಾಗುವ ತನಕ ಮುರಿದ ಬಾಗಿಲಿನ ಸುತ್ತ ತಿರುಗಿಸಿದರೂ ತಿರುಗುತ್ತಾನೆ. ಗಡಿಯಾರದ ಹಾಗೆ ಇಂಡಿಕೇಟರ್ ಟಿಕ್‌ಟಿಕ್ ಎನ್ನುತ್ತಿತ್ತು. ಯಾವ ಕಡೆಯದೋ ಅವನಿಗೆ ಕಾಣಲಿಲ್ಲ. ಫೆರಿನ್‌ನ ಟಾರ್ಪಾಲಿನ ವಾಸನೆ, ಯಾರಿಗ್ಹೇಳಿದೆ ಎಂದ ಫೆರಿನ್‌ನ ದನಿ, ಎಲ್ಲ ಬಂದು ಹೋಯಿತು.

"ಸೀದಾ," ಎಂದ ಆರ್ಲೋ.

"ಸೀದಾ?"

"ಕಿವಿ ಕೇಳ್ಸಲ್ವಾ? ಸೀದಾ ಹೋಗು. ಮೂವತ್ತೈದು ನಿಮಿಷಕ್ಕೆ ಡಾಂಬರು ಸಿಗುತ್ತೆ. ಎರಡನೇ ಕಂಬಿ ದಾಟಿದ್ಮೇಲೆ ಹಳ್ಳ ಇದೆ. ಮಳೆ ಬಂದು ಎರಡು ದಿನ ಆಗೋ ತನಕ ಅದರೊಳಗೆ ಗಾಡಿ ಇಳಿಸ್ಬೇಡ. ನಿನ್ನ ಕಿತ್ತಳೆ ಹಲಗೆ ಏನೂ ಕಿತ್ಕೊ‌ಳ್ಳಲ್ಲ ಅಲ್ಲಿ."

ಬರುವಾಗ ಮೂರು ಗಂಟೆ ಯಾಕಾಯಿತು ಎಂದು ಟ್ರೆವರ್ ಕೇಳಲಿಲ್ಲ. "ಆಯ್ತು," ಎಂದು ಗಾಡಿ ಹೊರಡಿಸಿದ. ಸಿಳ್ಳೆ ಹಾಕಲಿಲ್ಲ.

ಮುಂದಿನ ವಾರ ಬಂಕಿನ ಕಟ್ಟೆಯಲ್ಲಿ ಡೆಲ್ಮರ್ ಕಾಲೆಳೆಯಲು ಕಾದು ಕೂತಿದ್ದ. "ಏನಯ್ಯಾ, ಸ್ಯಾಕ್ರಮೆಂಟೋ ಗಾಡಿ ಹತ್ತಿ ಮೆರವಣಿಗೆ ಹೋಗಿದ್ಯಂತೆ? ಟೆಂಟಲ್ಲಿ ಜೋಗುಳ ಹಾಡಿದ್ನಾ?"

"ಗಾಳಿ ಇಳಿಸೋಕೆ ಹದಿನೈದು ನಿಮಿಷ, ತುಂಬಿಸೋಕೆ ಇಪ್ಪತ್ತು," ಎಂದ ಆರ್ಲೋ. ಕಟ್ಟೆಯೆಲ್ಲ ನಕ್ಕಿತು. "ಕಲ್ಲು ನೋಡಿದ್ರೆ ನಮಸ್ಕಾರ ಹಾಕ್ತಾನೆ. ಒಂದು ಮುರುಕು ಗಾಡಿಮನೆ ಸುತ್ತ ಮೂರು ಸಲ ಸುತ್ತಿಸ್ದೆ, ನಾಲ್ಕು ಮನೆ ಇದೆ ಅಂದ್ಕೊಂಡ."

"ಮೂರು ಸಲ! ದೇವರೇ!" ಡೆಲ್ಮರ್ ಮೇಜು ಗುದ್ದಿದ. ನಗು ಇಳಿದ ಮೇಲೆ ಅವನ ದನಿ ಎಂದಿಗಿಂತ ಸಣ್ಣದಾಯಿತು. "ಮರ ಹೆಂಗಿದೆಯೋ? ನಾನು ಹೋಗಿ ಆರು ವರ್ಷ ಆಯ್ತು."

ಆರ್ಲೋ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. "ಹಂಗೇ ಇದೆ," ಎಂದ. "ಹೊಗೆ ಸಮೇತ."

ಹೊರಗೆ ಟ್ರೆವರ್‌ನ ಟ್ರಕ್ಕು ಬಂದು ನಿಂತ ಸದ್ದಾಯಿತು. ಯಾರೋ ಏನೋ ಅಂದರು, ಕಟ್ಟೆ ಮತ್ತೆ ನಕ್ಕಿತು, ಆರ್ಲೋನೂ ನಕ್ಕ. ಆ ಚಳಿಗಾಲವೂ ಆಮೇಲೂ ಅವನು ಟ್ರೆವರ್ ನೊವಾಕ್‌ನ ದಡ್ಡತನದ ಕತೆಯನ್ನು ಕೇಳಿದವರಿಗೆಲ್ಲ ಹೇಳಿದ. ತೊಗಟೆ ನುಣ್ಣಗಿತ್ತು ಎಂದು ಮಾತ್ರ ಯಾರಿಗೂ ಹೇಳಲಿಲ್ಲ.